ಹೈಡ್ರೋಜನ್ ಕಾರಿಗೆ ನೀರು ಹಾಕಿದ ಚೆನ್ನಯ್ಯ

2024ನೆಯ ಇಸವಿ ನವೆಂಬರ್ 19, ಮಂಗಳವಾರ. ಅಂದು ಹಾಸನದ ಪತ್ರಿಕೆಯೊಂದರಲ್ಲಿ ಖಾಸಗಿ ಸಂಸ್ಥೆಯೊಂದರ ಹೇಳಿಕೆ ಪ್ರಕಟವಾಯಿತು. ಶಾಂತಿಗ್ರಾಮದ ಚೆನ್ನಯ್ಯ ಎಂಬ ಚಾಲಕ ಸಂಸ್ಥೆಯ ಹೈಡ್ರೋಜನ್ ಕಾರಿಗೆ ‘ಉದ್ದೇಶಪೂರ್ವಕವಾಗಿ ಕಲುಷಿತ ನೀರು ಬೆರೆಸಿ’ ಅದನ್ನು ಹಾಳುಗೆಡವಿದ್ದಾನೆ, ಆದ್ದರಿಂದ ಅವನನ್ನು ಕೆಲಸದಿಂದ ತೆಗೆಯಲಾಗಿದೆ ಎಂಬುದು ಅದರ ಸಾರ. ಈ ಹೇಳಿಕೆಯಲ್ಲಿ ಚಾಲಕನ ಹೆಸರು ನಿಜ, ಊರು ನಿಜ, ನೀರು ಹಾಕಿದ್ದೂ ನಿಜ. ಉದ್ದೇಶವೆಂಬುದು ಸುಳ್ಳು, ಕಲುಷಿತವೆಂಬುದೂ ಸುಳ್ಳು.

ನಾನು ಮೋಟಾರು ವಾಹನ ನಿರೀಕ್ಷಕನಾಗಿ ನಿವೃತ್ತನಾಗಿ ಹೊಳೆನರಸೀಪುರದಲ್ಲಿ ನೆಲೆಸಿರುವವನು. ಸಂಬಂಧಪಟ್ಟವರನ್ನು ಕೇಳಿ, ವಾಹನವನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಚೆನ್ನಯ್ಯ ಕೂಲಿಯವರ ಮಗ. ಹರೆಯದಲ್ಲಿ ಊರಿನ ಜಮೀನುದಾರ ಕೆಂಪಣ್ಣನವರ ಮನೆಯಲ್ಲಿ ಜೀಪು ತೊಳೆಯುವ ಕೆಲಸಕ್ಕಿದ್ದ. ಹೊರಗಿನಿಂದ ತೊಳೆಯಬಹುದಿತ್ತು, ಸೀಟಿನ ಮೇಲೆ ಕೂರುವಂತಿರಲಿಲ್ಲ. ಒಮ್ಮೆ ಕೆಂಪಣ್ಣನವರ ತಾಯಿಗೆ ಎದೆನೋವು ಬಂದಾಗ ಚಾಲಕ ಊರಲ್ಲಿರಲಿಲ್ಲ. ಚೆನ್ನಯ್ಯನೇ ಜೀಪು ಹತ್ತಿ ಮುದುಕಿಯನ್ನು ಹಾಸನದ ಆಸ್ಪತ್ರೆಗೆ ಮುಟ್ಟಿಸಿದ.

“ಯಾರ್‍ಲಾ ನಿಂಗೆ ಓಡ್ಸಾಕೆ ಯೇಳ್ಕೊಟ್ಟಿದ್ದು?” ಎಂದು ಕೆಂಪಣ್ಣನವರು ಆಸ್ಪತ್ರೆಯ ಬಾಗಿಲಲ್ಲೇ ಕೇಳಿದರಂತೆ.

“ಯಾರೂ ಇಲ್ಲ ಬುದ್ಧಿ. ತೊಳೀವಾಗ ನೋಡ್ಕಂಡೆ.”

ಅಮ್ಮ ಬದುಕಿಕೊಂಡರು. ಚೆನ್ನಯ್ಯನಿಗೆ ಸೀಟೂ ಸಿಕ್ಕಿತು. ಕೆಂಪಣ್ಣನವರೇ ಅವನನ್ನು ಲೈಸೆನ್ಸಿಗೆ ಕಳುಹಿಸಿದರು, ಪರೀಕ್ಷೆ ಮಾಡಿದವನು ನಾನು. ಉಳಿದವರೆಲ್ಲ ನೇರವಾಗಿ ಸ್ಟೇರಿಂಗ್ ಹಿಡಿದರೆ ಈತ ಮೊದಲು ಬಾನೆಟ್ ಎತ್ತಿ ರೇಡಿಯೇಟರಿನೊಳಗೆ ಇಣುಕಿದ. ಹೊತ್ತಾಗುತ್ತಿದೆ ಎಂದು ಗದರಿಸಿದೆ. “ನೀರು ನೋಡ್ದೆ ಕೀ ತಿರುಗ್ಸಾಕಿಲ್ಲ ಸಾ” ಎಂದ. ಅನಂತರದ ದಶಕಗಳಲ್ಲಿ ಅವನು ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ಸಾಗಿಸುವ ಮೆಟಡಾರ್ ಓಡಿಸಿದ, ಟೆಂಪೊ ಓಡಿಸಿದ, ಟ್ಯಾಕ್ಸಿ ಓಡಿಸಿದ. ಅವನ ಕೈಯಲ್ಲಿ ಒಂದು ಇಂಜಿನ್ನೂ ನೀರಿಲ್ಲದೆ ಕಾದು, ಬಿಗಿದು ಸೀಜ್ ಆಗಲಿಲ್ಲ. ಡೀಸೆಲ್ ಗಾಡಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

2024ರ ಗಣೇಶನ ಹಬ್ಬ ಕಳೆದ ಮೇಲೆ ಹೊರರಾಜ್ಯದಿಂದ ಈ ಸಂಸ್ಥೆ ಬಂತು. ಬೂವನಹಳ್ಳಿಯ ಬಳಿ ಷೆಡ್ ಕಟ್ಟಿ, ಎರಡು ಹೈಡ್ರೋಜನ್ ಕಾರುಗಳನ್ನು ನಮ್ಮ ರಸ್ತೆಗಳಲ್ಲಿ ಓಡಿಸಿ ನೋಡುವುದು ಅವರ ಯೋಜನೆ. ಚಾಲಕರನ್ನು ಇಲ್ಲಿಯವರನ್ನೇ ತೆಗೆದುಕೊಂಡರು. ಚೆನ್ನಯ್ಯನಿಗೆ ಇಸ್ತ್ರಿ ಮಾಡಿದ ಅಂಗಿ, ಬೂಟು, ಎದೆಯ ಮೇಲೆ ಹೆಸರಿನ ಬಿಲ್ಲೆ ಕೊಟ್ಟರು. ತರಬೇತಿ ಎಂದರೆ ಒಂದು ಮಧ್ಯಾಹ್ನ ಪರದೆಯ ಮೇಲೆ ತೋರಿಸಿದ ಚಿತ್ರ. ಅದರ ಮಾತು ಇಂಗ್ಲಿಷಿನದು, ನಡುನಡುವೆ ಹಿಂದಿ. ಷೆಡ್ಡಿನ ಉಸ್ತುವಾರಿ ಇಂಜಿನಿಯರ್ ದಿಲೀಪ್, ಹಾಸನದ ಹುಡುಗ. ಚಿತ್ರ ಮುಗಿದ ಮೇಲೆ ಅವರು ಕನ್ನಡದಲ್ಲಿ ಹೇಳಿದ್ದು ಇಷ್ಟು: “ಸ್ಟೇರಿಂಗ್, ಬ್ರೇಕ್ ಎಲ್ಲಾ ಅದೇ. ಗ್ಯಾಸ್ ಟ್ಯಾಂಕ್ ಮಾತ್ರ ಮುಟ್ಟಬೇಡಿ.” ಚೆನ್ನಯ್ಯ ಗ್ಯಾಸ್ ಟ್ಯಾಂಕ್ ಮುಟ್ಟಲಿಲ್ಲ.

ಈ ಕಾರಿನಲ್ಲಿ ಪೆಟ್ರೋಲ್ ಉರಿಯುವ ಇಂಜಿನ್ ಇಲ್ಲ. ಟ್ಯಾಂಕಿನ ಹೈಡ್ರೋಜನ್ ಅನಿಲ ಮತ್ತು ಗಾಳಿಯ ಆಮ್ಲಜನಕ ‘ಇಂಧನ ಕೋಶ’ ಎಂಬ ಪೆಟ್ಟಿಗೆಯಲ್ಲಿ ಕೂಡಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಮೋಟಾರು ತಿರುಗುತ್ತದೆ. ಹೊಗೆಯಿಲ್ಲ. ಹಿಂದಿನ ಕೊಳವೆಯಿಂದ ಹೊರಬರುವುದು ನೀರು ಮತ್ತು ನೀರಿನ ಆವಿ. ಯಂತ್ರವಾಗಿ ಅದನ್ನು ನಾನು ಮೆಚ್ಚುತ್ತೇನೆ. ನನ್ನ ತಕರಾರು ಯಂತ್ರದ ಮೇಲಲ್ಲ.

ಶಾಂತಿಗ್ರಾಮದ ಟೀ ಅಂಗಡಿಯ ಮುಂದೆ ಕಾರು ನಿಂತಾಗಲೆಲ್ಲ ಅದರಡಿಯಲ್ಲಿ ನೀರು ಹರಡುತ್ತಿತ್ತು. ಟೆಂಪೊ ಚಾಲಕ ಬೋರಪ್ಪನಿಗೆ ಅದೇ ಒಂದು ತಮಾಷೆಯಾಯಿತು.

“ಏನ್ಲಾ ಚೆನ್ನಯ್ಯ, ಕಂಪ್ನಿಯೋರು ನಿಂಗೆ ಕಾರು ಕೊಟ್ಟವ್ರೋ ಕರ ಕೊಟ್ಟವ್ರೋ? ನಿಂತ್ ನಿಂತ್ಕಡೆ ಉಚ್ಚೆ ಉಯ್ತದಲ್ಲಾ!”

“ಉಯ್ಲಿ ಬುಡ್ಲಾ. ನಿನ್ ಟೆಂಪೊ ತರ ಊರ್ ಮೊಕಕ್ಕೆ ಮಸಿ ಬಳ್ಯಾಕಿಲ್ಲ.”

“ನಗಬ್ಯಾಡ ಕಣ್ಲಾ. ಇಷ್ಟು ನೀರು ಆಚ್ಗೆ ಓದ್ರೆ ಒಳ್ಗೇನು ಉಳೀತದೆ? ನಾಳೆ ಸೀಜ್ ಆದ್ರೆ ನಿನ್ ತಲೆ ಮೇಲೇ ಆಕ್ತಾರೆ.”

ಚೆನ್ನಯ್ಯ ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿದ. ಒಳಗೆ ತಂಪು ದ್ರವದ ಡಬ್ಬಿಯಿತ್ತು, ಅದರ ಮೇಲೆ ಎರಡು ಗೆರೆಗಳಿದ್ದವು. ದ್ರವ ಕೆಳಗಿನ ಗೆರೆಗೆ ಇಳಿದಿತ್ತು. ರಾತ್ರಿ ತಣ್ಣಗಾದ ದ್ರವ ಕುಗ್ಗಿ ಕೆಳಗಿಳಿಯುವುದು ಸಹಜ. ಓಡುವಾಗ ಬಿಸಿಯಾಗಿ ಅದು ತಾನೇ ಮೇಲೇರುತ್ತದೆ. ಅವನು ಮೇಲಿನ ಗೆರೆಯವರೆಗೂ ನೀರು ತುಂಬಿದ. ಹಗಲಲ್ಲಿ ಕಾದಾಗ ಹೆಚ್ಚಾದದ್ದು ಉಕ್ಕಿ ಹೊರಹೋಯಿತು. ಮರುದಿನ ಮತ್ತೆ ಕಮ್ಮಿ ಕಂಡಿತು, ಮತ್ತೆ ತುಂಬಿದ. ಹೀಗೆ ದಿನದಿನವೂ ಒಳಗಿದ್ದ ವಿಶೇಷ ದ್ರವ ಹೋಗಿ ಕುಡಿಯುವ ನೀರು ಸೇರುತ್ತಾ ಬಂತು. ಆ ದ್ರವ ವಿದ್ಯುತ್ತನ್ನು ಹರಿಯಗೊಡಬಾರದು. ನಾವು ಕುಡಿಯುವ ನೀರಿನಲ್ಲಿ ಲವಣವಿರುತ್ತದೆ, ಅದು ಹರಿಯಗೊಡುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಎಚ್ಚರಿಕೆಯೇನೋ ಇದೆ. ಅದು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದೆ. ಷೆಡ್ಡಿನಲ್ಲಿ ಉಳಿದಿದ್ದ ಎರಡನೆಯ ಕಾರಿನಲ್ಲಿ ಅದನ್ನು ಓದಲು ನನಗೆ ಭೂತಗನ್ನಡಿ ಬೇಕಾಯಿತು.

ಚೆನ್ನಯ್ಯ ಇದನ್ನು ಗುಟ್ಟಾಗಿ ಮಾಡಲಿಲ್ಲ. ದಿಲೀಪರ ಬಳಿ ಹೋಗಿ, “ಸಾ, ಈ ಗಾಡಿ ದಿನಾ ನೀರು ಎಳೀತದೆ” ಎಂದ.

ದಿಲೀಪ್ ಫೋನಿನಿಂದ ಕಣ್ಣೆತ್ತಲಿಲ್ಲ. “ನೋಡ್ಕೊಂಡು ಹಾಕ್ಕೊಳ್ಳಿ ಚೆನ್ನಯ್ಯ. ಇಷ್ಟು ವರ್ಷ ಗಾಡಿ ಓಡ್ಸಿದೀರ, ಅದನ್ನೂ ನಾನೇ ಹೇಳಬೇಕಾ?”

ಅಂದಿನಿಂದ ಅವನು ಕೊಳಾಯಿಯ ಬೋರ್‌ವೆಲ್ ನೀರನ್ನು ಬಿಟ್ಟ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಹೆಂಡತಿ ಮಾರಮ್ಮ ಹಿಡಿದು ತಂದ ನೀರನ್ನೇ ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದ. ದುಬಾರಿ ಗಾಡಿಗೆ ಬೋರ್‌ವೆಲ್ ನೀರು ಹಾಕಬಾರದೆಂಬುದು ಅವನ ಕಾಳಜಿ. ಸಂಸ್ಥೆಯ ಭಾಷೆಯಲ್ಲಿ ‘ಕಲುಷಿತ’ವಾದದ್ದು ಈ ನೀರು.

ನವೆಂಬರ್ 12ರಂದು ಸಂಸ್ಥೆಯ ಅತಿಥಿಗಳನ್ನು ಕೂರಿಸಿಕೊಂಡು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವಾಗ ಕಾರು ನಿಂತಿತು. ವಿದ್ಯುತ್ ಸೋರುತ್ತಿರುವುದನ್ನು ಯಂತ್ರ ತಾನೇ ಗುರುತಿಸಿ, ಅಪಾಯವಾಗದಂತೆ ತನ್ನನ್ನು ತಾನು ನಿಲ್ಲಿಸಿಕೊಂಡಿತು. ಯಾರಿಗೂ ಗಾಯವಾಗಲಿಲ್ಲ. ಚೆನ್ನಯ್ಯ ಕಾರನ್ನು ರಸ್ತೆಯಂಚಿಗೆ ಒಯ್ದು, ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದುಗಡೆ ಹೊಂಗೆಯ ಕೊಂಬೆ ಮುರಿದಿಟ್ಟು, ಅತಿಥಿಗಳನ್ನು ನೆರಳಿಗೆ ಕರೆದೊಯ್ದ. ದಿಲೀಪ್ ಬೇರೆ ವಾಹನದಲ್ಲಿ ಬಂದು ಏನಾಯಿತೆಂದು ಕೇಳಿದಾಗ ಅವನು ಧೈರ್ಯವಾಗಿಯೇ ಉತ್ತರಿಸಿದ: “ನೀರಂತೂ ಕಮ್ಮಿ ಆಗಿರಾಕಿಲ್ಲ ಸಾ. ಬೆಳಿಗ್ಗೆ ನಾನೇ ಆಕಿವ್ನಿ.”

ತನ್ನ ಕಡೆಯಿಂದ ಲೋಪವಿಲ್ಲವೆಂದು ಹೇಳಿದ ಈ ಮಾತನ್ನೇ ಸಂಸ್ಥೆ ತನ್ನ ವಿಚಾರಣೆಯಲ್ಲಿ ತಪ್ಪೊಪ್ಪಿಗೆ ಎಂದು ಬರೆದುಕೊಂಡಿತು. ಅಂಗಿ, ಬೂಟು, ಬಿಲ್ಲೆಗಳನ್ನು ಷೆಡ್ಡಿನಲ್ಲೇ ಬಿಚ್ಚಿಸಿಕೊಂಡು ಕಳುಹಿಸಿದರು. ಒಂದು ವಾರಕ್ಕೆ ಪತ್ರಿಕೆಯಲ್ಲಿ ಹೇಳಿಕೆ ಬಂತು.

ಚನ್ನರಾಯಪಟ್ಟಣದಲ್ಲಿ ಶಾಲಾ ವಾಹನಗಳನ್ನು ಓಡಿಸುವ ಗೌರೀಶಂಕರ ಎಂಬುವರು ಚೆನ್ನಯ್ಯನನ್ನು ಹಿಂದಿನಿಂದಲೂ ಬಲ್ಲವರು. ಈ ಬೇಸಿಗೆ ರಜೆಯಲ್ಲಿ ಅವನು ಅವರಲ್ಲಿ ಕೆಲಸ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅವರು ಕಾಫಿ ತರಿಸಿದರು, ಪತ್ರಿಕೆಯನ್ನೂ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ ಕೈ ನಂಗೊತ್ತು ಚೆನ್ನಯ್ಯ. ಆದ್ರೆ ಮಕ್ಕಳ ಗಾಡಿ. ಬೇಕೂಂತ ಗಾಡಿ ಕೆಡಿಸ್ದೋನು ಅಂತ ಪೇಪರಲ್ಲಿ ಬಂದೋರ ಕೈಗೆ ಕೀ ಕೊಟ್ರೆ ತಂದೆತಾಯಿಗಳು ನನ್ನ ಸುಮ್ನೆ ಬಿಡ್ತಾರಾ? ಅದು ತಪ್ಪು ಅಂತ ಅದೇ ಪೇಪರಲ್ಲಿ ಬರ್ಲಿ, ಶಾಲೆ ಶುರುವಾಗೋ ದಿನವೇ ಬಂದು ಗಾಡಿ ತಗೊಳ್ಳಿ.”

ಗೌರೀಶಂಕರರನ್ನು ನಾನು ದೂರಲಾರೆ. ಚೆನ್ನಯ್ಯ ಈಗ ಚನ್ನರಾಯಪಟ್ಟಣದ ತೆಂಗಿನ ಮಂಡಿಯಲ್ಲಿ ಲಾರಿಗಳಿಗೆ ಮೂಟೆ ಏರಿಸುತ್ತಿದ್ದಾನೆ. ಅವನ ವಯಸ್ಸು ಐವತ್ತೆಂಟು. ಆ ಲಾರಿಗಳ ಚಾಲಕರಲ್ಲಿ ಇಬ್ಬರು ಅವನ ಬಳಿಯೇ ಗಾಡಿ ಕಲಿತವರು.

ಮಾರಮ್ಮ ನನ್ನ ಮನೆಗೆ ಬಂದಿದ್ದಳು. ಅವಳಿಗೆ ಹೈಡ್ರೋಜನ್ ತಿಳಿಯದು. ಪತ್ರಿಕೆಯ ‘ಕಲುಷಿತ’ ಎಂಬ ಪದವನ್ನು ಮಾತ್ರ ಯಾರೋ ಓದಿ ಹೇಳಿದ್ದರು.

“ನಾವು ಕುಡ್ಯೋದು ಅದೇ ನೀರು ಸಾ. ಊರೆಲ್ಲಾ ಅದ್ನೇ ಕುಡೀತದೆ. ನಮ್ ಕ್ಯಾನ್‌ಗೆ ಬಿದ್ರೆ ಕೊಳಕಾಗ್ಬುಡ್ತದಾ? ಬಾವಿತಾವ ನಿಂತು ನಮ್ಮತ್ತೆ ಕೇಳುಸ್ಕಂಡಿದ್ದ ಮಾತ್ನ ನಾನು ಪೇಪರಲ್ಲಿ ಕೇಳುಸ್ಕಬೇಕಾ?”

ಹೊರರಾಜ್ಯದಲ್ಲಿ ಕುಳಿತು ಹೇಳಿಕೆ ಬರೆದವರಿಗೆ ಈ ಸೀಮೆಯ ಬಾವಿಗಳ ಚರಿತ್ರೆ ಗೊತ್ತಿರಲಿಲ್ಲ ಎಂದು ವಾದಿಸಬಹುದು. ಆ ಹೇಳಿಕೆಯನ್ನು ಕನ್ನಡಕ್ಕೆ ತಿರುಗಿಸಿಕೊಟ್ಟ ದಿಲೀಪರಿಗೆ ಗೊತ್ತಿತ್ತು.

ಅವರನ್ನು ಷೆಡ್ಡಿನಲ್ಲೇ ಕಂಡು ಕೇಳಿದೆ: “ನೀರು ಹಾಕಿಕೊಳ್ಳಲು ನೀವು ಹೇಳಿದ್ದು ಹೌದೋ ಅಲ್ಲವೋ?”

“ಹೇಳಿದ್ದೆ ಸರ್. ಕಾರಿನ ಮುಂದಿನ ಗ್ಲಾಸ್ ತೊಳೆಯೋ ನೀರು ಅಂದ್ಕೊಂಡೆ.”

“ವಿಚಾರಣೆಯಲ್ಲಿ ಅದನ್ನು ತಿಳಿಸಿದಿರಾ?”

“ಅವರು ಕೇಳಲಿಲ್ಲ ಸರ್.”

“ಕೇಳದಿದ್ದರೆ ನಿಮಗೆ ಬಾಯಿಲ್ಲವೇ?”

“ಬಾಯಿದೆ ಸರ್. ಕೆಲಸಾನೂ ಬೇಕಲ್ಲ.”

ಚೆನ್ನಯ್ಯನಿಗೂ ಕೆಲಸ ಬೇಕಿತ್ತೆಂದು ನಾನು ಹೇಳಿದೆ. ದಿಲೀಪ್ ನನ್ನನ್ನು ಗೇಟಿನವರೆಗೂ ಬಹಳ ಮರ್ಯಾದೆಯಿಂದ ಕಳುಹಿಸಿಕೊಟ್ಟರು. ಅನಂತರ ಸಂಸ್ಥೆಗೆ ನಾನು ಮೂರು ರಿಜಿಸ್ಟರ್ಡ್ ಪತ್ರ ಬರೆದೆ. ಮೂರನ್ನೂ ಸ್ವೀಕರಿಸಿ ಸಹಿ ಮಾಡಿದ್ದಾರೆ, ಉತ್ತರವಿಲ್ಲ. ಆದ್ದರಿಂದ ಬಹಿರಂಗವಾಗಿ ಬರೆಯಬೇಕಾಯಿತು.

ಸಂಸ್ಥೆಯ ಆಡಳಿತ ಮಂಡಳಿಯವರೇ, ಚೆನ್ನಯ್ಯನ ಪರವಾಗಿ ನಾನು ದಯೆ ಕೇಳುತ್ತಿಲ್ಲ. ಅವನು ತಪ್ಪು ನೀರು ಹಾಕಿದನೆಂದೇ ಬರೆಯಿರಿ, ಅದು ನಿಜ. ಅವನಿಗೆ ತಿಳಿಯುವ ಭಾಷೆಯಲ್ಲಿ ನೀವು ಎಚ್ಚರಿಸಲಿಲ್ಲವೆಂದೂ, ಕೇಳಿದಾಗ ನಿಮ್ಮ ಇಂಜಿನಿಯರರೇ ಹಾಕಿಕೊಳ್ಳಲು ಹೇಳಿದರೆಂದೂ, ಅದು ಇಡೀ ಊರು ಕುಡಿಯುವ ನೀರೆಂದೂ ಅದರ ಜೊತೆಗೇ ಬರೆಯಿರಿ. ‘ಉದ್ದೇಶಪೂರ್ವಕ’, ‘ಕಲುಷಿತ’ ಎಂಬ ಎರಡು ಪದಗಳನ್ನು ಹಿಂತೆಗೆದುಕೊಂಡಿರುವುದಾಗಿ, ಹೇಳಿಕೆ ಬಂದ ಅದೇ ಪತ್ರಿಕೆಯಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಈ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಮೊದಲು ಪ್ರಕಟಿಸಿರಿ. ದಿಲೀಪ್ ಅವರೇ, ಅದರ ಕೆಳಗೆ ನಿಮ್ಮ ಸಹಿಯೂ ಇರಲಿ.