ಬಸಂತರಾಯನಿಗೆ ಹೊದಿಸಿದ ಶಾಲು

ಬಸಂತರಾಯನಿಗೆ ಕೂತಲ್ಲಿ ಕೂಡುವ ಗುಣವೇ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ನಾಲ್ಕೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಜನ್ಮ ಸವೆಸಿದವನು. ಮೈಕು ಕೆಟ್ಟರೆ ಖೋಲಿಯಿಂದ ಹೊರಗೆ ಬಂದು, ಕಿವಿಗೆ ಕೈ ಹಚ್ಚಿ, "ವಿಜಯಪುರಾ... ದೇವರಹಿಪ್ಪರಗಿ ಮ್ಯಾಲ ವಿಜಯಪುರಾ" ಎಂದು ಒದರಿದನೆಂದರೆ ಸಂಡಾಸಿನಲ್ಲಿದ್ದವನೂ ಪೈಜಾಮದ ಲಾಡಿ ಹಿಡಿದುಕೊಂಡು ಓಡಿಬರುತ್ತಿದ್ದ. ನಿವೃತ್ತನಾದ ಮೇಲೆ ಆ ನಾಲ್ಕರಲ್ಲೇ ಒಂದು ಊರಿನಲ್ಲಿ ಮನೆ ಮಾಡಿದ್ದಾನೆ. ಯಾವ ಊರೆಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು ನಗುತ್ತಾರೆ, ತಮ್ಮ ಗಟಾರಗಳೇನೋ ಬಂಗಾರದವು ಅನ್ನುವ ಹಾಗೆ.

ಗಟಾರದ್ದೇ ತಕರಾರು. ದುರಸ್ತಿಗೆಂದು ಬಂದವರು ಬಸಂತರಾಯನ ಓಣಿಯಲ್ಲಿ ಗಟಾರದ ಮೇಲಿನ ಹಾಸುಗಲ್ಲು ಕಿತ್ತು, ಹಾಗೇ ಬಿಟ್ಟು ಹೋಗಿದ್ದರು. ಮನೆಮನೆಯವರು ತಮ್ಮ ಬಾಗಿಲ ಮುಂದೆ ಒಂದೊಂದು ಹಲಗೆ ಹಾಕಿಕೊಂಡಿದ್ದರು. ಕಾಯಿಪಲ್ಯೆ ಮಾರುವ ಶೇವಂತೆವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಆ ಹಲಗೆ ದಾಟುವಾಗ ನೋಡಿದವರ ಎದೆ ಧಸಕ್ಕೆನ್ನುತ್ತಿತ್ತು. ವಾರ್ಡ್ ಸಭೆ ಕರೆದಿದ್ದಾರೆ ಎಂದು ತಿಳಿದಾಗ ಅವಳೇ ಓಣಿಯವರನ್ನು ಕಟ್ಟಿಕೊಂಡು ಬಸಂತರಾಯನ ಮನೆಗೆ ಬಂದಳು.

"ನಮ್ಮ ಮಾತು ಅಲ್ಲಿ ಯಾರು ಹಚ್ಕೋತಾರ್ರಿ? ನೀವ ಹೋಗ್ರಿ ಸಾಹೇಬ್ರ. ನಿಮಗ ದನಿ ಐತಿ."

ಹೋದ. ಬಾಗಿಲಲ್ಲೇ ವಾರ್ಡಿನ ಮೆಂಬರ್ ಚೇತನಕುಮಾರ ನಗುನಗುತ್ತ ಕೈಹಿಡಿದು, "ಬರ್ರಿ ಕಾಕಾ, ನಿಮ್ಮಂಥಾ ಹಿರ್ಯಾರು ಬಂದದ್ದ ನಮ್ಮ ಪುಣ್ಯಾ" ಎಂದು ವೇದಿಕೆಗೇ ಕರೆದೊಯ್ದ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿಯೂ ಬಂತು. ಮಂದಿ ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಸನ್ಮಾನವೆಂದರೆ ಸಣ್ಣ ಮಾತಲ್ಲ, ಬೇಡವೆಂದರೆ ಮಾಡುವವನ ಮುಖಕ್ಕೆ ಹೊಡೆದ ಹಾಗೆ. ಮಾಡಿಸಿಕೊಂಡರೆ ಮುಗಿಯಿತು, ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಮೈಕು ಕೈಗೆ ಕೊಟ್ಟು "ಎರಡು ಮಾತು" ಅಂದಾಗ, ಕೊರಳಲ್ಲಿ ಚೆಂಡುಹೂವಿನ ಹಾರ ಚುಚ್ಚುತ್ತಿರಲು, ಬಸಂತರಾಯ ಅಷ್ಟೂ ಮಂದಿಯೆದುರು "ಧನ್ಯವಾದ" ಅಂದು ಕೂತುಬಿಟ್ಟ.

ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕಾಯುತ್ತಿದ್ದರು. ಯಾರೂ ಏನೂ ಕೇಳಬೇಕಾಗಲಿಲ್ಲ, ಶಾಲು ಕಂಡಿತಲ್ಲ. ಶೇವಂತೆವ್ವ ಅದರ ಸೆರಗು ಮುಟ್ಟಿ ನೋಡಿದಳು.

"ಚೊಲೋ ಐತ್ರಿ ಶಾಲು. ಗಟಾರದ ಮ್ಯಾಲ ಹಾಸೂಣೇನ್ರಿ?"

ಅಯ್ಯೋ ಶಿವನೇ! ಆ ಮಾತಿಗಿಂತ ಎರಡು ಏಟು ಹೊಡೆದಿದ್ದರೂ ಸಹಿಸುತ್ತಿದ್ದ.

ನಾಲ್ಕನೆಯ ದಿನಕ್ಕೆ ಹಲಗೆ ಜಾರಿತು. ಮೆಂತ್ಯೆ, ಪುಂಡಿಪಲ್ಯೆ ಗಟಾರದ ಪಾಲು. ಶೇವಂತೆವ್ವನ ಕಾಲಿಗೆ ಪ್ಲಾಸ್ಟರ್ ಬಿತ್ತು.

ಅಂದಿನಿಂದ ಬಸಂತರಾಯ ನಿಂತಲ್ಲಿ ನಿಲ್ಲಲಿಲ್ಲ. ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಬಾಗಿಲಿಗೆ ಹೋಗುವುದು, ಗಟಾರ ನೋಡುವುದು, ತಿರುಗಿ ಬರುವುದು. ಅವಳ ಮನೆಯ ಮುಂದೆ ಹಾಯುವ ಧೈರ್ಯವಾಗದೆ ಸುತ್ತುಬಳಸಿ ಬಜಾರಿಗೆ ಹೋಗುವುದು. "ಕಾಲಿಗೆ ಚಕ್ರಾ ಕಟ್ಕೊಂಡೀರೇನು? ಒಂದ ಕಡೆ ಕೂಡ್ರಿ" ಎಂದು ಹೆಂಡತಿ ವಿದ್ಯಾವತಿ ಬೈದಳು.

"ಕೂತದ್ದಕ್ಕ ಅಲ್ಲೇನ ಆಕೀ ಕಾಲು ಮುರದದ್ದು" ಅಂದ ಬಸಂತರಾಯ.

ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲೇ ಹೋಗಿ ಗೋಡೆಗೆ ಆನಿಸಿಕೊಂಡು ನಿಂತ. ಕುರ್ಚಿ ಕೊಟ್ಟರು, ಕೂಡಲಿಲ್ಲ. ಸ್ವಾಗತ ಮುಗಿದದ್ದೇ ಚೇತನಕುಮಾರ ಅವನನ್ನು ಕಂಡು ಪ್ಲಾಸ್ಟಿಕ್ ಚೀಲದಿಂದ ಶಾಲು ತೆಗೆದ.

"ಬರ್ರಿ ಕಾಕಾ, ಮ್ಯಾಲ ಬರ್ರಿ."

"ಶಾಲು ಆಮ್ಯಾಲಪಾ. ಮೊದಲ ಒಂದು ಪ್ರಶ್ನಿ ಐತಿ."

ಹಿಂದಿನಿಂದ ಯಾರೋ, "ಸೊಕ್ಕು ನೋಡ್ರಿ ಮುದುಕಂದು" ಅಂದರು. ಬಸಂತರಾಯನ ಕಿವಿ ಕೆಂಪಾದವು. ಮೈಕು ಕೇಳಿದ. ಅದು ಕೆಟ್ಟಿದೆ ಅಂದರು. ಈಗ ತಾನೇ ಅದರಲ್ಲಿ ಸ್ವಾಗತ ಹೇಳಿದ್ದರು, ನೋಡಿ! ಪಾಪ, ಯಾರ ಮುಂದೆ ಮೈಕು ಕೆಟ್ಟಿದೆ ಅನ್ನುತ್ತಿದ್ದೇವೆಂಬ ಖಬರು ಅವರಿಗಿರಲಿಲ್ಲ.

ಬಸಂತರಾಯ ಕಿವಿಗೆ ಕೈ ಹಚ್ಚಿದ.

"ನಾಗರಿಕರು ಗಮನಿಸಬೇಕು! ನಮ್ಮ ಓಣಿ ಗಟಾರದ ಹಾಸಗಲ್ಲು ಇನ್ನೂ ಬಂದಿಲ್ಲ! ಅದರಾಗ ಬಿದ್ದು ಶೇವಂತೆವ್ವನ ಕಾಲು ಮುರದೈತಿ! ಕಲ್ಲು ಯಾವಾಗ ಬರ್ತಾವು?"

ಕಿಟಕಿಯ ಗಾಜು ಜುಮ್ಮೆಂದಿತು. ರಸ್ತೆಯಲ್ಲಿ ಹೋಗುವ ಟಂಟಂ ಆಟೋ ನಿಂತಿತು. ಬಾಗಿಲ ತುಂಬ ಮಂದಿ ಬಂದು ನಿಂತರು.

"ಹಾಕಿಸ್ತೇವ್ರಿ, ಲಗೂನ ಹಾಕಿಸ್ತೇವಿ" ಎಂದ ವೇದಿಕೆಯ ಮೇಲೆ ಕೂತಿದ್ದ ಪುರಸಭೆಯ ಇಂಜಿನಿಯರ್.

"ಲಗೂನ ಅನ್ನೂದು ಟೈಮ್ ಅಲ್ರಿ ಸರ್. ಬಸ್ ಬರ್ತೈತಿ ಅಂದ್ರ ಮಂದಿ ಬಿಡ್ತಾರೇನು? ಎಷ್ಟಕ್ಕ ಬರ್ತೈತಿ ಅಂತ ಹೇಳಬೇಕು."

"ಹೇಳ್ರಿ ಮತ್ತ!" ಎಂದರು ಬಾಗಿಲಲ್ಲಿದ್ದವರು. ಇಂಜಿನಿಯರ್, ಚೇತನಕುಮಾರನ ಮುಖ ನೋಡಿದ. ಚೇತನಕುಮಾರ ಕೈಯಲ್ಲಿದ್ದ ಶಾಲು ನೋಡಿಕೊಂಡ. "ಸೋಮವಾರ" ಎಂದು ಕಡೆಗೆ ಇಂಜಿನಿಯರನ ಬಾಯಿಂದ ಹೊರಬಿತ್ತು. ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರಿಗೂ ಓದಿ ಹೇಳುವವರೆಗೆ ಬಸಂತರಾಯ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ, "ಈಗ ಹಾಕಪಾ ಶಾಲು" ಎಂದು ಕೊರಳು ಬಗ್ಗಿಸಿದ. ಚೇತನಕುಮಾರ ಅದನ್ನು ಮಡಚಿ ಮತ್ತೆ ಚೀಲದಲ್ಲಿಟ್ಟ.

ಬರಿಗೊರಳಿನಲ್ಲಿ ಓಣಿಗೆ ಬಂದ. ಸೋಮವಾರ ಕಲ್ಲು ಬರುತ್ತವೋ ಇಲ್ಲವೋ ಎಂಬ ತಳಮಳ ಆಗಲೇ ಶುರುವಾಗಿತ್ತು. ಬರಲಿಲ್ಲವೆಂದರೆ ಮಂಗಳವಾರ ಎಲ್ಲಿ ನಿಂತು ಒದರಬೇಕೆಂದು ಲೆಕ್ಕ ಹಾಕುತ್ತಿದ್ದ. ಈ ಸಲ ಸುತ್ತುಬಳಸಲಿಲ್ಲ. ಶೇವಂತೆವ್ವ ಪ್ಲಾಸ್ಟರ್ ಕಾಲು ಚಾಚಿ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಹೇಳಲು ಬಾಯಿ ತೆರೆದ.

"ಹೇಳೂದ ಬ್ಯಾಡ್ರಿ ಸಾಹೇಬ್ರ" ಎಂದಳು ಶೇವಂತೆವ್ವ, ಪಕ್ಕಕ್ಕೆ ಸರಿದು ಜಾಗ ಕೊಡುತ್ತ. "ಇಲ್ಲೀತನಾ ಬಂತು ದನಿ. ಬರ್ರಿ, ಒಂದೀಟು ಕೂಡ್ರಿ."

ಬಸಂತರಾಯ ಹಲಗೆ ದಾಟಿ ಹೋಗಿ ಕೂತ.