ಕಾಶವ್ವ ಅಳೆದ ಗೋಡೆ

ಯಂತ್ರಕ್ಕೆ ನಾವು ಉಣಿಸಿದ್ದನ್ನಷ್ಟೇ ಅದು ವಾಪಸು ಕೊಡುತ್ತದೆ ಎಂದು ನಂಬಿದ್ದವಳು ನಾನು. ದೆವ್ವ-ಗಿವ್ವದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ದೆವ್ವವಿದೆ ಎಂದು ಈಗಲೂ ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ನಂಬದಿದ್ದರೆ ನನಗೇನೂ ಬೇಸರವಿಲ್ಲ.

2014ರ ಬೇಸಿಗೆ. ನಿಪ್ಪಾಣಿಯ ಒಂದು ಹಳೆಯ ತಂಬಾಕು ವಖಾರಿಯನ್ನು, ಅಂದರೆ ಗೋದಾಮನ್ನು, ಹೆಣ್ಣುಮಕ್ಕಳ ವಸತಿನಿಲಯ ಮಾಡುವ ಕೆಲಸ ಚಿಕ್ಕೋಡಿಯ ನಮ್ಮ ಸಣ್ಣ ಕಚೇರಿಗೆ ಬಂದಿತ್ತು. ಕಂಪ್ಯೂಟರಿನಲ್ಲಿ ಕಟ್ಟಡದ ಮಾದರಿ ಮಾಡಿ, ಒಳಗೆ ಎಷ್ಟು ಬಿಸಿಯಾಗುತ್ತದೆ, ಎಷ್ಟು ಕರೆಂಟು ಬೇಕು ಎಂದು ತಿಳಿಯುವುದು ನನ್ನ ಪಾಲಿನ ಕೆಲಸ. ಆ ಸಾಫ್ಟ್‌ವೇರಿನಲ್ಲಿ ಪ್ರತಿ ಗೋಡೆಗೂ ಕಿಟಕಿಗೂ ನಮಗೆ ಬೇಕಾದ ಮಾಹಿತಿಯ ಖಾನೆಗಳನ್ನು ನಾವೇ ಸೇರಿಸಬಹುದು. ನಾನು ಎರಡು ಸೇರಿಸಿದ್ದೆ: ‘ಅಳೆದವರು’ ಮತ್ತು ‘ಷರಾ’. ಟೇಪು ಹಿಡಿದು ಎಲ್ಲವನ್ನೂ ಅಳೆದವಳು ನಾನೇ, ಹಾಗಾಗಿ ಎಲ್ಲದಕ್ಕೂ ನನ್ನ ಹೆಸರೇ ಹಾಕಿದ್ದೆ.

ಒಂದು ಮಧ್ಯಾಹ್ನ, ಮಾದರಿಯಲ್ಲಿ ಹಿಂಬದಿಯ ದೊಡ್ಡ ಕೋಣೆಯ ಬಿಸಿ ಏನು ಮಾಡಿದರೂ ಇಳಿಯಲೊಲ್ಲದು. ಇಪ್ಪತ್ತು ಹುಡುಗಿಯರು ಮಲಗಬೇಕಾದ ಕೋಣೆ ಅದು. ಅದರ ಹೊರಗೋಡೆಯ ಖಾನೆಗಳನ್ನು ತೆರೆದು ನೋಡಿದೆ. ಅಳೆದವರು: ಕಾಶವ್ವ. ಷರಾ: ಇಲ್ಲಿ ಬಾಗಲಾ ಇತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಮ್ಮ ಕಡೆಯ ಕನ್ನಡ. ಲ್ಯಾಪ್‌ಟಾಪು ನನ್ನದು, ಪಾಸ್‌ವರ್ಡು ನನಗೊಬ್ಬಳಿಗೇ ಗೊತ್ತು. ಕಾಶವ್ವ ಎನ್ನುವವರು ನನ್ನ ಗುರುತಿನಲ್ಲಿ ಯಾರೂ ಇರಲಿಲ್ಲ.

ಮರುದಿನ ನಿಪ್ಪಾಣಿ ಬಸ್ಸು ಹತ್ತಿದೆ. ಗೋಡೆ ನುಣ್ಣಗೆ ಗಿಲಾವು ಮಾಡಿದ್ದು, ಬಾಗಿಲಿನ ಸುಳಿವೇ ಇಲ್ಲ. ವಖಾರಿ ಕಾಯುತ್ತಿದ್ದ ಯಲ್ಲವ್ವ ಪ್ರಾಯದಲ್ಲಿ ಅಲ್ಲೇ ತಂಬಾಕು ಹಸನು ಮಾಡಿದವಳು. ಕಾಶವ್ವ ಯಾರೆಂದು ಕೇಳಿದೆ.

“ನನ್ನ ಗೆಳತಿ ಇದ್ಲರಿ. ಇಲ್ಲೇ ಬಾಗಲದಾಗ ಕುಂತ ಕೆಲಸಾ ಮಾಡ್ತಿದ್ಲು, ಗಾಳಿ ಬರ್ತೈತಿ ಅಂತ. ಹೆಣ್ಮಕ್ಕಳು ಹೊರಗ ಹೋಗಿ ಕುಂಡ್ರತಾರಂತ ಮಾಲಕರು ಬಾಗಲಾ ಮುಚ್ಚಿಸಿದ್ರು. ಧೂಳಿಗೆ ದಮ್ಮ ಹತ್ತಿ ಅದ ವರ್ಷ ಹೋದ್ಲು. ನಿಮಗ ಆಕಿ ಹೆಸರ ಯಾರ ಹೇಳ್ಯಾರ್ರಿ?”

ಚಿಕ್ಕೋಡಿಗೆ ಮರಳಿ ನಡೆದದ್ದನ್ನೆಲ್ಲ ಹೇಳಿದೆ.

ನಮ್ಮ ಕಚೇರಿಯ ಮುಖ್ಯಸ್ಥರು ನಕ್ಕರು. “ಎಲ್ಲೋ ಕೇಳಿರ್ತಿ ತಂಗಿ, ಮರತಿರ್ತಿ. ಅದನ್ನ ಅಳಿಸಿ ಫೈಲ್ ಕಳಸು, ಮಂದಿ ನಗತಾರ.”

“ಅಳಸೂದಿಲ್ರಿ ಸರ್. ಅಳಸೂದಾದ್ರ ಉಳಿದ ಗೋಡಿ ಮ್ಯಾಲಿನ ನನ್ನ ಹೆಸರೂ ಅಳಿಸಿಬಿಡ್ರಿ.”

ಮೂರು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಗಿಲಾವು ಕೆತ್ತಿಸಲು ಒಪ್ಪಿದರು. ಎರಡಡಿ ಕೆತ್ತುವಷ್ಟರಲ್ಲಿ ತೇಗದ ಚೌಕಟ್ಟು ಕಂಡಿತು. ಇಟ್ಟಿಗೆ ತೆಗೆದಾಗ ಒಳಗೆ ನುಗ್ಗಿದ ಗಾಳಿಗೆ ಯಲ್ಲವ್ವ ಬಾಯಿಗೆ ಸೆರಗು ಹಿಡಿದು ನಿಂತಳು. ಮಾದರಿಯಲ್ಲಿ ಬಾಗಿಲು ಸೇರಿಸಿದೆ, ಬಿಸಿ ಇಳಿದು ಕೋಣೆ ಮಲಗಲು ತಕ್ಕಂತಾಯಿತು.

ಆಮೇಲೆ ತಿಳಿದವರನ್ನೆಲ್ಲ ಕೇಳಿದ್ದೇನೆ. ಫೈಲು ಕೆಟ್ಟಿರಬೇಕು ಎನ್ನುತ್ತಾರೆ. ಕೆಟ್ಟ ಫೈಲು ಸತ್ತವಳ ಹೆಸರು ಬರೆಯುತ್ತದೆಯೇ ಎಂದರೆ, ನೀನೇ ನಿದ್ದೆಗಣ್ಣಿನಲ್ಲಿ ಬರೆದಿದ್ದೀ ಎನ್ನುತ್ತಾರೆ. ಯಾರು ಬರೆದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯೂ ಇಲ್ಲ.

ಹೋದ ಸಲ ಭೇಟಿಯಾದಾಗ ಆ ಮುಖ್ಯಸ್ಥರು ಮೆಲ್ಲಗೆ ಕೇಳಿದರು, ಫೈಲಿನಾಗ ಕಾಶವ್ವನ ಹೆಸರನ್ನ ಇನ್ನೂ ಹಂಗ ಇಟ್ಟೀಯೇನು ಎಂದು.

“ಇಟ್ಟೇನ್ರಿ ಸರ್” ಎಂದೆ. “ಇಡತೀನಿ.”