ಹಟವಲ್ಲ

ಮುಗಳಖೋಡದಲ್ಲಿ ಕುರಿ ಸಾಕುವ ತಾರವ್ವನಿಗೆ ನಾಲ್ಕು ವರ್ಷದ ಮಗಳು ಮಾಯಕ್ಕ. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಏನಾದರೂ ಬೇಕಾದರೆ ತಾಯಿಯ ಕೈ ಹಿಡಿದು ಎಳೆಯುತ್ತಿದ್ದಳು.

"ಬಾಯಿಬಿಟ್ಟು ಕೇಳಾಕ ಏನಾಗೇತಿ ಬೇ?" ಎಂದು ತಾರವ್ವ ಎಷ್ಟೋ ಸಲ ಹೊಡೆದಿದ್ದಳು.

ಕೊನೆಗೆ ಅಂಗನವಾಡಿ ಟೀಚರ ಮಾತು ಕೇಳಿ ಗಂಡನೊಡನೆ ಮಗಳನ್ನು ಮಿರಜಿನ ಡಾಕ್ಟರ ಬಳಿ ಕರೆದೊಯ್ದಳು. ಅವರು ಬಹಳ ಹೊತ್ತು ಮಗುವನ್ನು ಗಮನಿಸಿದರು.

"ಇದು ಹಟ ಅಲ್ಲವ್ವಾ, ಆಟಿಸಂ. ಕೈ ಎಳೆಯೂದು ಆಕಿ ಕೇಳೂ ರೀತಿ."

"ಮುಂದ ಮಾತಾಡ್ತಾಳೇನ್ರಿ?"

"ಕಲಿಸೋಣು. ಆದ್ರ ಈಗ ಹೇಳಾಕ ಬರೂದಿಲ್ಲ."

ಹೊರಗೆ ಬಂದೊಡನೆ ಗಂಡ ಮಾಳಸಿದ್ದ, "ಎಲ್ಲಾ ನಿನ್ನ ಬಸುರಿನ ದೋಷ" ಎಂದ. ತಾನು ಹೊಡೆದದ್ದೆಲ್ಲ ನೆನಪಾಗಿ ತಾರವ್ವ ಮಗಳನ್ನು ಎತ್ತಿಕೊಂಡಳು.

ಈಗ ವಾರಕ್ಕೊಮ್ಮೆ ಮಗಳನ್ನು ಮಿರಜಿಗೆ ಕರೆದೊಯ್ಯುತ್ತಾಳೆ. ಮಾಯಕ್ಕನಿಗೆ ಇನ್ನೂ ಮಾತು ಬಂದಿಲ್ಲ. ಮಾಳಸಿದ್ದನ ಸಿಟ್ಟೂ ಇಳಿದಿಲ್ಲ.